ಬಡತನದ ಪರೀಕ್ಷೆಯಲ್ಲಿ ಫೇಲಾದ ಊರು

ನಂಬದೇ ಇರುವ ತಾಕತ್ತು ನಿಮಗಿದ್ದರೆ ಮುಂದಕ್ಕೆ ಓದಿ. ತಮಿಳುನಾಡಿನ ಗಡಿಯಲ್ಲಿರುವ ಬೇರಿಕೆ ಪಕ್ಕದ ಹಳ್ಳಿಯ ಎಪ್ಪತ್ತು ದಾಟಿದ ಮುದುಕನೊಬ್ಬ, ಇಂಗ್ಲಿಷಿನಲ್ಲಿ 'ತ್ಯಾಂಕ್ಯೂ' ಬಿಟ್ಟರೆ ಎರಡನೇ ಮಾತು ಬಾರದವನು, ಭಾರತ ದೇಶದ ಪರವಾಗಿ ಆಫ್ರಿಕಾಕ್ಕೆ ಹೋಗಿ ಬಂದ. ಊರು ನೋಡಲು ಹೋದದ್ದಲ್ಲ. ನೆರವಾಗಿ ಹೋದದ್ದು. ಒಂದು ದೇಶ ಇನ್ನೊಂದು ದೇಶಕ್ಕೆ ಗೋಧಿ ಕಳಿಸುತ್ತದೆ, ಔಷಧಿ ಕಳಿಸುತ್ತದೆ, ಟ್ರ್ಯಾಕ್ಟರು ಕಳಿಸುತ್ತದೆ. ನಮ್ಮ ದೇಶ ನನ್ನನ್ನು ಕಳಿಸಿತು. ಗೋಧಿ ತಿಂದರೆ ಮುಗಿಯುತ್ತದೆ, ಟ್ರ್ಯಾಕ್ಟರು ಕೆಟ್ಟರೆ ಮೂಲೆ ಸೇರುತ್ತದೆ. ನಾನು ಇನ್ನೂ ಗಟ್ಟಿಮುಟ್ಟಾಗಿದ್ದೇನೆ. ಬೇಕಾದರೆ ಬಂದು ನೋಡಿ.

ಬೇರಿಕೆ

ಕೃಷ್ಣಗಿರಿಯ ಕೃಷಿ ಆಫೀಸಿನ ಮೇಡಂ ಒಬ್ಬರು ನನ್ನ ನಾಟಿ ರಾಗಿ ನೋಡಲು ಆಗಾಗ ಬರುತ್ತಿದ್ದರು. ನನ್ನ ಹೊಲದ ತೆನೆ ಪೈಲ್ವಾನ ಮುಷ್ಟಿ ಬಿಗಿದ ಹಾಗಿರುತ್ತದೆ. ಇದು ಜಂಬವಲ್ಲ, ಸಾನಮಾವು ಕಾಡಿನ ಆನೆಗಳನ್ನು ಕೇಳಿ. ಅಷ್ಟು ದೂರ ನಡೆದು ಬಂದು, ದಾರಿಯಲ್ಲಿ ಸಿಕ್ಕ ಹೊಲವನ್ನೆಲ್ಲ ಬಿಟ್ಟು ನನ್ನ ಹೊಲಕ್ಕೇ ನುಗ್ಗುತ್ತವೆ. ರುಚಿ ಗೊತ್ತಿರುವ ಪ್ರಾಣಿಗಳು.

ಒಂದು ದಿನ ಮೇಡಂ ಬದುವಿನ ಮೇಲೆ ಕೂತು, "ಐಯಾ, ವೆಳಿನಾಡು ಪೋರೀಂಗಳಾ?" ಎಂದು ತಮಿಳಿನಲ್ಲಿ ಕೇಳಿದರು. ಹೊರದೇಶಕ್ಕೆ ಹೋಗುತ್ತೀರಾ ಎಂದು. ಮಲಾವಿ ಎಂಬ ದೇಶವಂತೆ, ಆಫ್ರಿಕಾದ ಕೆಳಗಡೆ ಇದೆಯಂತೆ, ಅಲ್ಲೂ ರಾಗಿ ಬೆಳೆಯುತ್ತಾರಂತೆ. ಆದರೆ ಎರಚಿ ಸುಮ್ಮನಾಗುತ್ತಾರೆ, ನಾಟಿ ಹಾಕುವುದು ಗೊತ್ತಿಲ್ಲ. ತೋರಿಸಿಕೊಡುವ ರೈತರನ್ನು ನಮ್ಮ ಸರ್ಕಾರ ತನ್ನ ಖರ್ಚಿನಲ್ಲಿ ಕಳಿಸುತ್ತಿದೆ. ನಾನು ಒಂದು ಕ್ಷಣವೂ ಯೋಚಿಸದೆ "ಪೋಲಾಂ" ಎಂದೆ, ಹೋಗೋಣ ಎಂದು. ಮೇಡಂ ಬೆಚ್ಚಿದರು. ನಾನು ಭಾಷೆ, ಬಟ್ಟೆ, ಊಟ ಎಂದು ತಕರಾರು ತೆಗೆಯಬಹುದೆಂದು ಅವರು ಎಣಿಸಿದ್ದರು.

ಟೀ ಅಂಗಡಿಯಲ್ಲಿ ಸುದ್ದಿ ಹೇಳಿದಾಗ ಮುನಿಯಪ್ಪ ನಕ್ಕು ಟೀ ಚೆಲ್ಲಿಕೊಂಡ. ಮುನಿಯಪ್ಪ ಚಿಕ್ಕಂದಿನಿಂದ ನನ್ನ ಪಕ್ಕದ ಮನೆಯವನು, ನನ್ನ ಕೀಟಲೆಗಳಿಗೆಲ್ಲ ಅರ್ಧ ಪಾಲುದಾರ.

"ನಿನ್ನ ಯಾವನ್ಲಾ ಕರೀತಾನೆ ಪಾರಿನ್‌ಗೆ? ದನ ಕಾಯಾಕಾ?"

"ಬುದ್ಧಿ ಹೇಳಾಕೆ ಕಣ್ಲಾ. ನಿಂಗೆ ಹೇಳಿ ಹೇಳಿ ಸಾಕಾಯ್ತು, ಅದುಕ್ಕೆ ದೂರದೋರ್ಗೆ ಹೇಳಾನ ಅಂತ ಹೊಂಟಿವ್ನಿ."

"ಅಲ್ಲಿಂದ ಓಡುಸ್ಬುಟ್ರೆ?"

"ಓಡ್ಸಿದ್ರೂ ಏರೋಪ್ಲೇನ್ನಾಗೇ ಓಡುಸ್ತಾರೆ. ನಿನ್ನಂಗೆ ನಡ್ಕೊಂಡು ಬರಲ್ಲ."

ಮನೆಯಲ್ಲಿ ಲಕ್ಷ್ಮಮ್ಮ ಹುರಿಹಿಟ್ಟು ಕಟ್ಟಿಕೊಡುತ್ತಾ ಒಂದೇ ಮಾತು ಹೇಳಿದಳು. "ಅಲ್ಲೋಗಿ ಯಾರ್ಗೂ ಕೀಟ್ಲೆ ಮಾಡ್ಬ್ಯಾಡಿ. ಇಲ್ಲಾದ್ರೆ ನಿಮ್ ಹಿಂದ್ಗುಟ್ಟೆ ನಾನೋಗಿ ಸಮಾಧಾನ ಹೇಳ್ಬತ್ತೀನಿ. ಅಲ್ಲಿ ಯಾರವ್ರೆ?"

ನಾನು ಬೇರಿಕೆಯ ಸ್ಕೂಲಿನಲ್ಲಿ ಓದುವಾಗ ಬೇರೆ ದೇಶದಿಂದ ಹಾಲಿನ ಪುಡಿ ಬರುತ್ತಿತ್ತು. ಅರ್ಥವಾಗದ ಅಕ್ಷರಗಳ ದೊಡ್ಡ ಡಬ್ಬಿ. ಮೇಷ್ಟ್ರು ಬಿಸಿನೀರಿಗೆ ಕಲಸಿ ಲೋಟಕ್ಕೆ ಸುರಿಯುತ್ತಿದ್ದರು, ಮಧ್ಯಾಹ್ನ ಹಳದಿ ಉಪ್ಪಿಟ್ಟು ಹಾಕುತ್ತಿದ್ದರು. ಸಾಲಿನಲ್ಲಿ ನಿಂತು ಕುಡಿದವರಲ್ಲಿ ನಾನೂ ಒಬ್ಬ. ಕೊಟ್ಟವರು ಕಪ್ಪೋ ಬಿಳುಪೋ ಗೊತ್ತಿರಲಿಲ್ಲ. ಈಗ ಆ ಡಬ್ಬಿಯ ಜಾಗದಲ್ಲಿ ನಾನು, ಸೊಂಟಕ್ಕೆ ಪಂಚೆ, ಹೆಗಲಿಗೆ ಟವಲು. ಏರೋಪ್ಲೇನ್ ಮೇಲೇಳುವಾಗ ಎಲ್ಲರೂ ದೇವರನ್ನು ನೆನೆದರು. ನಾನು ಆ ಮೇಷ್ಟ್ರನ್ನು ನೆನೆದೆ, ಈ ಹುಡುಗ ಉದ್ಧಾರವಾಗುವುದಿಲ್ಲ ಎಂದು ಅವರು ಊರಿಗೆಲ್ಲ ಹೇಳಿದ್ದರು.

ಆಡಿಸ್ ಅಬಾಬಾ

ಇಲ್ಲಿ ಏರೋಪ್ಲೇನ್ ಬದಲಿಸಬೇಕಿತ್ತು. ಹಸಿವಾಗಿತ್ತು. ಏರ್‌ಪೋರ್ಟಿನ ಹೋಟೆಲಿನಲ್ಲಿ ಒಂದು ಹೆಣ್ಣುಮಗಳು ನಗುತ್ತಾ ಬಂದು, ದೊಡ್ಡ ತಟ್ಟೆಯಲ್ಲಿ ಸುರುಳಿ ಸುತ್ತಿದ ಬೂದು ಬಣ್ಣದ ಒದ್ದೆ ಬಟ್ಟೆ ಇಟ್ಟು ಹೋದಳು. ಏರೋಪ್ಲೇನಿನಲ್ಲಿಯೂ ಕೈ ಒರೆಸಲು ಬಿಸಿ ಬಟ್ಟೆ ಕೊಟ್ಟಿದ್ದರಲ್ಲ, ಅದೇ ಮರ್ಯಾದೆ ಎಂದುಕೊಂಡು ಸುರುಳಿ ಬಿಚ್ಚಿ ಕೈ ಒರೆಸಿದೆ, ಕತ್ತು ಒರೆಸಿದೆ. ಬಟ್ಟೆ ಹರಿಯಿತು. ಮೂಗಿಗೆ ಹುಳಿ ವಾಸನೆ ಬಡಿಯಿತು. ಅದು ಅವರ ದೋಸೆ!

ನೀವಾಗಿದ್ದರೆ ನಾಚಿ ಎದ್ದು ಹೋಗುತ್ತಿದ್ದಿರಿ. ನಾನು ಏನೂ ಆಗದವನಂತೆ ಅದನ್ನೇ ಮಡಚಿ, ಸಾರಿಗೆ ಅದ್ದಿ ಗಂಭೀರವಾಗಿ ತಿಂದೆ. ಪಕ್ಕದ ಮೇಜಿನಲ್ಲಿ ಕೋಟು ಹಾಕಿಕೊಂಡಿದ್ದ ಒಬ್ಬಾತ ನನ್ನನ್ನೇ ಗಮನಿಸುತ್ತಿದ್ದ. ಅವನಿಗೂ ಅದು ಹೊಸತು. ಅವನೂ ಮೊದಲು ಕೈ ಒರೆಸಿಕೊಂಡ, ಆಮೇಲೆ ತಿಂದ. ದೋಸೆ ಮಾತ್ರ ನಮ್ಮ ಹುಳಿ ಬಂದ ದೋಸೆ ಹಿಟ್ಟಿನ ರುಚಿಗೆ ಹತ್ತಿರ. ಎರಡನೆಯದು ಕೇಳಿ ತರಿಸಿಕೊಂಡೆ, ಅದರಲ್ಲಿ ಕೈ ಒರೆಸಲಿಲ್ಲ.

ಲಿಲೊಂಗ್ವೆ

ಮಲಾವಿಯ ರಾಜಧಾನಿ. ಏರ್‌ಪೋರ್ಟು ನಮ್ಮ ಹೊಸೂರಿನ ಬಸ್ ಸ್ಟ್ಯಾಂಡಿಗಿಂತ ಚಿಕ್ಕದು, ಆದರೆ ಗುಡಿಸುವವರು ನಿಜವಾಗಿ ಗುಡಿಸುತ್ತಾರೆ. ಅಲ್ಲಿನ ಪೊಲೀಸಮ್ಮ ನನ್ನ ಚೀಲ ಬಿಚ್ಚಿ ಹುರಿಹಿಟ್ಟಿನ ಗಂಟು ಹಿಡಿದು ನಿಂತಳು. ಕಂದು ಪುಡಿ, ಗಟ್ಟಿ ಗಂಟು, ಕಣ್ಣು ಪಿಳಿಪಿಳಿ ಬಿಡುವ ಮುದುಕ. ನನಗೇ ನನ್ನ ಮೇಲೆ ಅನುಮಾನ ಬರುವಂತಿತ್ತು. ಅವಳು ಏನೋ ಕೇಳಿದಳು, ನಾನು "ತ್ಯಾಂಕ್ಯೂ" ಎಂದೆ. ಅವಳು ಮತ್ತೆ ಜೋರಾಗಿ ಕೇಳಿದಳು, ನಾನೂ ಜೋರಾಗಿ "ತ್ಯಾಂಕ್ಯೂ" ಎಂದೆ. ಕೊನೆಗೆ ಒಂದು ಹಿಡಿ ಹಿಟ್ಟು ಬಾಯಿಗೆ ಹಾಕಿಕೊಂಡು, ಇನ್ನೊಂದು ಹಿಡಿಗೆ ಬೆಲ್ಲ ಬೆರೆಸಿ ಅವಳ ಮುಂದೆ ಹಿಡಿದೆ.

ಅಷ್ಟರಲ್ಲಿ ಬೋಳುತಲೆಯ, ಹೊಟ್ಟೆ ಬಂದ, ನಲವತ್ತರ ಆಸುಪಾಸಿನ ಒಬ್ಬಾತ ಓಡಿಬಂದ. "ತಾತಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಟ್ರಾಫಿಕ್!"

ಆಫ್ರಿಕಾದಲ್ಲಿ, ಕಪ್ಪು ಶಿಲೆಯಂಥ ಮನುಷ್ಯನ ಬಾಯಲ್ಲಿ ಕನ್ನಡ! ನನ್ನ ಬಾಯಲ್ಲಿದ್ದ ಹಿಟ್ಟೆಲ್ಲ ಪೊಲೀಸಮ್ಮನ ಮೇಲೆ ಹಾರಿತು.

ಅವನ ಹೆಸರು ಚಿಕೊಂಡಿ. ಅಲ್ಲಿನ ಕೃಷಿ ಇಲಾಖೆಯ ಅಧಿಕಾರಿ, ನನ್ನನ್ನು ಕರೆದೊಯ್ಯಲು ಬಂದವನು. ಹಿಂದೆ ಬೆಂಗಳೂರಿನಲ್ಲಿ ಬೇಸಾಯ ಓದಿದವನು, ಹಾಸ್ಟೆಲಿನ ಅಡುಗೆ ಭಟ್ಟರ ಹತ್ತಿರ ಕನ್ನಡ ಕಲಿತವನು. ಹಾಗಾಗಿ ಅವನ ಕನ್ನಡದಲ್ಲಿ ಸಾರು, ಪಲ್ಯ, ಅಡ್ಜಸ್ಟು ಜಾಸ್ತಿ. ನಾನು ಅವನನ್ನು ಅಲ್ಲೇ ಚಿಕ್ಕಣ್ಣ ಎಂದು ಕರೆದೆ. ಇನ್ನು ಮುಂದೆ ಅಲ್ಲಿನವರು ಆಡಿದ್ದೆಲ್ಲ ಚಿಕ್ಕಣ್ಣನ ಬಾಯಿಂದ ನನ್ನ ಕಿವಿಗೆ ಬಂದದ್ದು. ನನ್ನ ಕಿವಿಯಲ್ಲಿ ಅದು ನಮ್ಮೂರ ಮಾತಾಗಿಯೇ ಕೂತಿದೆ, ಹಾಗೆಯೇ ಬರೆಯುತ್ತೇನೆ.

ಉತ್ತರದ ದಾರಿ

ಕಸಾಂಬಾ ಎಂಬ ಹಳ್ಳಿಗೆ ಜೀಪಿನಲ್ಲಿ ಹೊರಟೆವು. ದಾರಿಯುದ್ದ ಕೆಂಪು ಮಣ್ಣು, ಗುಂಡು ಬಂಡೆಗಳ ಗುಡ್ಡ, ಬೇಲಿಗೆ ಕಳ್ಳಿ. ನಿದ್ದೆಯಿಂದ ಎದ್ದಾಗೆಲ್ಲ ನಮ್ಮ ಕಡೆಯ ಶೂಳಗಿರಿ ಬಂತೇನೋ ಎನಿಸುತ್ತಿತ್ತು. ಊಟಕ್ಕೆ ನಿಲ್ಲಿಸಿದ ಕಡೆ ಬಿಳಿ ಮುದ್ದೆ ಕೊಟ್ಟರು. ಮುಸುಕಿನ ಜೋಳದ ಹಿಟ್ಟಿನದು, ಅವರು ನ್ಸೀಮಾ ಎನ್ನುತ್ತಾರೆ. ಕೈಯಲ್ಲಿ ಮುರಿದು, ಬೆರಳಲ್ಲಿ ಗುಳಿ ಮಾಡಿ, ಸೊಪ್ಪಿನ ಪಲ್ಯ ಹಿಡಿದು ತಿನ್ನುತ್ತಾರೆ. ನಾನು ನಮ್ಮ ಪದ್ಧತಿಯಂತೆ ಅಗಿಯದೆ ನುಂಗಿ ತೋರಿಸಿದೆ. ಹೋಟೆಲಿನ ಜನ ಸುತ್ತ ನೆರೆದು ಬಿಟ್ಟರು. ಒಬ್ಬಳು ನನ್ನ ಗಂಟಲು ಮುಟ್ಟಿ ನೋಡಿದಳು.

ಆ ದಾರಿಯಲ್ಲೇ ಚಿಕ್ಕಣ್ಣ ನೆರವಿನ ಲೆಕ್ಕಾಚಾರ ಹೇಳಿಕೊಟ್ಟ.

"ತಾತ, ಯುರೋಪಿಂದ ಒಂದು ಫಂಡ್ ಇದೆ. ಕಸಾಂಬಾಗೆ ಹಿಟ್ಟಿನ ಮಿಲ್ ಕೊಡಬಹುದು. ಆದ್ರೆ ಪರೀಕ್ಷೆ ಇದೆ. ಮೊದ್ಲು ದೇಶ ಪಾಸ್ ಆಗ್ಬೇಕು, ಬಡ ದೇಶ ಅಂತ. ನಾವು ಪಾಸ್. ಆಮೇಲೆ ಊರು ಪಾಸ್ ಆಗ್ಬೇಕು, ತುಂಬಾ ಬಡ ಊರು ಅಂತ. ಅದು ನೋಡೋಕೆ ಸಾಹೇಬ್ರು ಬರ್ತಾರೆ."

"ನಮ್ ದೇಸ ಪಾಸಾ ಪೇಲಾ?"

"ನೀವು ಆ ಲಿಸ್ಟಲ್ಲಿ ಇಲ್ಲ ತಾತ. ಮೇಲೆ ಹೋಗ್ಬಿಟ್ರಿ."

ಜೀಪು ನಿಲ್ಲಿಸಲು ಹೇಳಿದೆ. ಇಂಥ ಸುದ್ದಿಯನ್ನು ಕೂತು ಕೇಳಬಾರದು. ಕೆಳಗಿಳಿದು, ಎದೆ ಉಬ್ಬಿಸಿ, ಪಂಚೆ ಮೇಲಕ್ಕೆ ಕಟ್ಟಿ, ಆಫ್ರಿಕಾವನ್ನು ಒಮ್ಮೆ ನೋಡೋಣವೆಂದು ಎರಡು ಹೆಜ್ಜೆ ಹಿಂದಕ್ಕಿಟ್ಟೆ. ಹಿಂದೆ ಮೋರಿ ಇತ್ತು. ಮೇಲೆ ಹೋದ ದೇಶದ ಪ್ರತಿನಿಧಿಯನ್ನು ಚಿಕ್ಕಣ್ಣನೂ ಡ್ರೈವರೂ ಸೇರಿ ಕೆಸರಿನಿಂದ ಎತ್ತಿದರು.

ಕಸಾಂಬಾ

ಊರಿನ ಹೆಂಗಸರ ಸಂಘಕ್ಕೆ ಯಜಮಾನಿ ಎಲಿನಾ. ಅವರಲ್ಲಿ ದೊಡ್ಡ ಹೆಂಗಸರನ್ನು ಮಾಯಿ ಎನ್ನುತ್ತಾರೆ, ತಾಯಿ ಎಂದೇ ಅರ್ಥ. ಗಂಡಸರನ್ನು ಬಾಂಬೋ. ಮಾಯಿ ಎಲಿನಾಗೆ ನನ್ನಷ್ಟೇ ವಯಸ್ಸು, ಬೆನ್ನು ಮಾತ್ರ ಒನಕೆಯಂತೆ ನೆಟ್ಟಗೆ. ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಂಡಿಯಾದವ್ರು ಮಿಸೀನು ಕಳುಸ್ತಾರೆ ಅಂದ್ಕೊಂಡಿದ್ವಿ. ಹಳೇ ಮಾಲು ಕಳ್ಸವ್ರೆ" ಎಂದಳು.

"ಹಳೇದೇ ಮಾಯಿ. ಆದ್ರೆ ರಿಪೇರಿ ಕೇಳಲ್ಲ" ಎಂದೆ. ಅಂದಿನಿಂದ ನಾವಿಬ್ಬರೂ ಒಂದಾದೆವು.

ಮಳೆಗಾಲ ನಡೆಯುತ್ತಿತ್ತು. ಸಸಿ ಕೀಳುವುದು, ಬೇರು ತೊಳೆಯುವುದು, ಗೇಣಿಗೊಂದು ಕುಕ್ಕುವುದು, ಎಲ್ಲ ತೋರಿಸಿದೆ. ನಮ್ಮಲ್ಲಿ ನಾಟಿ ಹೆಂಗಸರು ಹಾಡು ಹೇಳಿ ಗಂಡಸರನ್ನು ಬೈಯುತ್ತಾರೆ. ಅವರೂ ಹಾಡಿದರು, ಬೈಗುಳವೂ ಇತ್ತು. ಯಾರಿಗೆ ಎಂದು ಕೇಳಿದರೆ ಚಿಕ್ಕಣ್ಣ ಹೇಳಲಿಲ್ಲ. ಅವರ ಕಡೆಯೂ ಆನೆ ಕಾಟವಿದೆ. ಯಾರ ಆನೆ ದೊಡ್ಡದು ಎಂದು ವಾದ ಬಿತ್ತು. ಗಾತ್ರದಲ್ಲಿ ಅವರದೇ ದೊಡ್ಡದು ಎಂದು ಒಪ್ಪಿದೆ, ಬುದ್ಧಿಯಲ್ಲಿ ನಮ್ಮದು. ನಮ್ಮ ಸಾನಮಾವಿನ ಆನೆಗಳಿಗೆ ಕನ್ನಡ, ತಮಿಳು, ತೆಲುಗು ಮೂರರಲ್ಲಿ ಬೈದರೂ ಅರ್ಥವಾಗುತ್ತದೆ ಎಂದೆ. ಅವರು ನಂಬಿದರು. ಮುನಿಯಪ್ಪನಿಗಿಂತ ಎಷ್ಟೋ ಒಳ್ಳೆಯ ಜನ.

ಆದರೆ ನಗು ನಿಲ್ಲುವ ಜಾಗವೂ ಒಂದಿತ್ತು. ಊರಲ್ಲಿ ಹಿಟ್ಟಿನ ಮಿಲ್ಲಿಲ್ಲ. ಹೊಳೆಯಾಚೆ ಹೋಗಬೇಕು. ಹೆಂಗಸರು ಮೂಟೆ ತಲೆಯ ಮೇಲಿಟ್ಟು ಹೊಳೆ ದಾಟುತ್ತಾರೆ. ಹಿಂದಿನ ಮಳೆಯಲ್ಲಿ ಎಲಿನಾಳ ತಂಗಿ ನೀರಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಈಗ ಅವಳು ಬಾಗಿಲಲ್ಲಿ ಚಾಪೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾಳೆ, ಅಲ್ಲಿಂದಲೇ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಅವಳ ಕಾಳನ್ನೂ ಎಲಿನಾಳೇ ಹೊರುತ್ತಾಳೆ. ಆ ವಯಸ್ಸಿನಲ್ಲಿ ಎರಡು ಮನೆಯ ಮೂಟೆ.

"ಮಿಲ್ಲು ಬಂದ್ರೆ ಹೊಳೆ ಕಡೆ ತಿರ್ಗೂ ನೋಡಲ್ಲ" ಎಂದಳು ಒಮ್ಮೆ. ಅಷ್ಟೇ.

ಸಾಹೇಬರು ಬಂದ ದಿನ

ನಾನು ಉಳಿದುಕೊಂಡಿದ್ದದ್ದು ಚಿಕ್ಕಣ್ಣನ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಅಲ್ಲಿಂದ ಹಳ್ಳಿಗೆ ಬಂದು ನೋಡಿದರೆ ನಾವು ದಾರಿ ತಪ್ಪಿದೆವೇನೋ ಅನ್ನಿಸಿತು. ಎಲಿನಾಳ ಅಂಗಳದಲ್ಲಿ ಕೊಬ್ಬಿದ ಹಸುಗಳು ಕಟ್ಟಿವೆ! ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ನಡುವೆ ಹೂವಿನ ಬಟ್ಟೆ ಹೊದಿಸಿದ ಸೋಫಾ. ಗೋಡೆಗೆ ಒರಗಿಸಿದ ಹೊಸ ಸೈಕಲ್ಲು. ಹುಲ್ಲು ಮಾಡಿನ ಮೇಲೆ ಸೋಲಾರ್ ಹಲಗೆ. ಅದರ ವೈರು ಕಿಟಕಿಯೊಳಗೆ ಹೋಗಿತ್ತು. ನಾನು ಬಗ್ಗಿ ನೋಡಿದೆ. ಒಳಗೆ ಮೊಳೆಗೆ ಗಂಟು ಹಾಕಿದ್ದರು.

ಚಿಕ್ಕಣ್ಣನ ಮುಖ ಬೂದಿಯಾಯಿತು. "ಮಾಯಿ, ಏನಿದೆಲ್ಲ?"

ಎಲಿನಾ ಹೊಸ ತಲೆವಸ್ತ್ರ ಕಟ್ಟಿಕೊಳ್ಳುತ್ತಾ ಹೇಳಿದಳು: "ಪಕ್ಕದೂರ್ಗಳಿಂದ ಎರವಲು ತಂದ್ವಿ. ದೊಡ್ಡೋರು ಬರೋ ದಿನ ಖಾಲಿ ಅಂಗ್ಳ ತೋರ್ಸಾಕಾಯ್ತದಾ? ಒಂದು ಹಸೂನೂ ಸಾಕಕ್ಕಾಗ್ದೋರ ಕೈಗೆ ಮಿಲ್ಲು ಯಾರ್ ಕೊಡ್ತಾರೆ?"

ಅವಳ ಮಾತಿನಲ್ಲಿ ಏನು ತಪ್ಪು? ನಮ್ಮಲ್ಲೂ ಬ್ಯಾಂಕಿನವನು ಇರುವವನಿಗೇ ಕೊಡುವುದು. ಇಲ್ಲದವನಿಗೆ ಕೊಡುವವರೂ ಲೋಕದಲ್ಲಿ ಇದ್ದಾರೆ, ಆದರೆ ಇಲ್ಲ ಎಂಬುದನ್ನು ಬೀದಿಯಲ್ಲಿ ಹರವಿ ತೋರಿಸಬೇಕು ಎಂದು ಅವಳಿಗೆ ಯಾರೂ ಹೇಳಿಲ್ಲವೇನೋ ಎಂದುಕೊಂಡೆ. ಚಿಕ್ಕಣ್ಣ ಹೇಳಿದ್ದನಂತೆ, ಸಭೆಯಲ್ಲಿ, ಎರಡು ಸಲ. ಮನೆಯ ಮರ್ಯಾದೆ ಗೊತ್ತಿರುವ ಯಾರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎಲ್ಲ ತೆಗೆಸೋಣ ಎನ್ನುವಷ್ಟರಲ್ಲಿ ಸಾಹೇಬರ ಗಾಡಿ ಬಂದೇಬಿಟ್ಟಿತು.

ಸಾಹೇಬರ ಹೆಸರು ಯಾನ್. ಬಿಸಿಲಿಗೆ ಟೊಮೇಟೊ ಆದ ಎತ್ತರದ ಮನುಷ್ಯ. ಕೆಟ್ಟವರಲ್ಲ, ಮಾತಿಗೆ ಮುಂಚೆ ಟೋಪಿ ತೆಗೆಯುತ್ತಿದ್ದರು. ನಾನು ಮನಸ್ಸಿನಲ್ಲೇ ಯಾನಪ್ಪ ಎಂದು ಕರೆದುಕೊಂಡೆ. ಯಾನಪ್ಪ ಊರೆಲ್ಲ ಸುತ್ತಿದರು. ಹಸುಗಳ ಬೆನ್ನು ಸವರಿದರು. ಸೋಲಾರ್ ನೋಡಿ ತಲೆಯಾಡಿಸಿದರು. ಆಮೇಲೆ ಚಿಕ್ಕಣ್ಣನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಚಿಕ್ಕಣ್ಣ ಬಂದು, ಬೇರೆ ಯಾರಿಗೂ ಅರ್ಥವಾಗದ ನಮ್ಮ ಕನ್ನಡದಲ್ಲಿ ನನಗೆ ಹೇಳಿದ.

"ಮುಗೀತು ತಾತ. ಊರು ಚೆನ್ನಾಗಿದೆ, ಸಂತೋಷ ಅಂದ್ರು. ಇದಕ್ಕಿಂತ ಕಷ್ಟದಲ್ಲಿರೋ ಊರಿಗೆ ಮಿಲ್ ಕೊಡ್ತಾರಂತೆ. ಊಟ ಮಾಡಿ ಹೊರಡ್ತಾರೆ."

"ಎರವಲು ಅಂತ ಹೇಳ್ಬುಡು."

"ನಾನ್ ಹೇಳಿದ್ರೆ, ಮೋಸ ಮಾಡಿದ್ರು ಅಂತ ಊರೇ ಔಟ್ ಆಗ್ಬಹುದು. ಮಾಯಿ ಎಲ್ರ ಮುಂದೆ ತಲೆ ತಗ್ಗಿಸ್ಬೇಕು. ನಾನು ಆ ಕೆಲಸ ಮಾಡಲ್ಲ."

ಅಷ್ಟರಲ್ಲಿ ಎಲಿನಾ ಒಲೆಯ ಹತ್ತಿರದಿಂದ ಕೂಗಿದಳು. "ಏನಂತೆ? ಏನಂದ್ರು?" ಚಿಕ್ಕಣ್ಣ ತಪ್ಪಿಸಿಕೊಳ್ಳಲು ನೋಡಿದ. ಅವಳು ಸೌಟು ಹಿಡಿದು ಎದುರಿಗೇ ಬಂದು ನಿಂತಳು. ಅವನು ನೆಲ ನೋಡುತ್ತಾ ಹೇಳಿಬಿಟ್ಟ. ಅವಳು ತಂಗಿ ಕೂತಿದ್ದ ಬಾಗಿಲ ಕಡೆ ಒಮ್ಮೆ ನೋಡಿ, ಹೋಗಿ ಕೋಳಿ ಸಾರು ಬಡಿಸಿದಳು. ಕಂದನಕಾಯಿ, ಅಂದರೆ ಕೋಳಿ ಹೊಟ್ಟೆಯೊಳಗಿನ ಆ ಗಟ್ಟಿ ತುಂಡು, ದೊಡ್ಡ ನೆಂಟನಿಗೆ ಎಂಬುದು ಅವರ ಪದ್ಧತಿ. ಅದು ನನ್ನ ತಟ್ಟೆಗೆ ಬಿತ್ತು, ಯಾನಪ್ಪನ ತಟ್ಟೆಗಲ್ಲ. ಬೇರೆ ದಿನವಾಗಿದ್ದರೆ ಅದನ್ನು ಎತ್ತಿ ಎಲ್ಲರಿಗೂ ತೋರಿಸಿ ತಿನ್ನುತ್ತಿದ್ದೆ.

ಹೊತ್ತು ಇಳಿಯುತ್ತಿತ್ತು. ಅಂಗಳದ ಹಸುಗಳು ಕೂಗಲು ಶುರುಮಾಡಿದವು. ಕೆಚ್ಚಲು ತುಂಬಿ ಬಿಗಿದಿತ್ತು, ಆದರೆ ಅಂಗಳದಲ್ಲಿ ಒಂದು ಕರುವೂ ಇಲ್ಲ. ಕರುಗಳೆಲ್ಲ ಅವುಗಳ ಮನೆಯಲ್ಲಿ. ಹಸುಗಳು ಹಗ್ಗ ಜಗ್ಗುತ್ತಾ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಮನುಷ್ಯ ಹೇಳಿದರೆ ಅವಮಾನ. ಹಸು ಹೇಳಿದರೆ?

ಕೈ ತೊಳೆಯುವ ನೆಪದಲ್ಲಿ ಎದ್ದೆ. ಮನೆಯ ಹಿಂದಿನಿಂದ ಸುತ್ತಿ, ಹಸುಗಳ ಮರೆಯಲ್ಲೇ ಗೂಟದ ಹತ್ತಿರ ಹೋಗಿ, ಹಗ್ಗದ ಗಂಟು ಬಿಚ್ಚಿದೆ. ಒಂದಾದ ಮೇಲೆ ಒಂದು.

ಆಮೇಲೆ ನೋಡಬೇಕಿತ್ತು ನೀವು! ಬಾಲ ಎತ್ತಿಕೊಂಡು ಒಂದು ಹಸು ಸೋಫಾದ ಪಕ್ಕದಲ್ಲೇ ಓಡಿತು. ಇನ್ನೊಂದು ಹೊಳೆಯ ಕಡೆ, ಮತ್ತೊಂದು ಗುಡ್ಡದ ಕಡೆ. ಯಾವುದೂ ಆ ಊರಿನೊಳಗೆ ತಿರುಗಲಿಲ್ಲ. ಯಾನಪ್ಪ ಕೋಳಿ ಕಾಲು ಕೈಯಲ್ಲಿ ಹಿಡಿದು ಎದ್ದು ನಿಂತರು. ನಾನು ಹಗ್ಗ ಹಿಡಿದು ಎಲ್ಲರ ಮುಂದೆ ಬಂದೆ.

ಊರ ಹಿರಿಯ ನನ್ನ ಮೇಲೆ ಹರಿಹಾಯ್ದ. "ನಿಮ್ ದೇಸದ ಮುದುಕ್ರು ಹಿಂಗೇನಾ? ಕಟ್ಟಿದ್ ದನ ಬಿಚ್ಚಾದು?"

"ನಾನೇ ಬಿಚ್ಚಿದ್ದು ಯಜಮಾನ್ರೇ. ಕರು ಮನೇಲಿರೋ ಹಸೂನ ಈ ಹೊತ್ನಾಗೆ ಕಟ್ಟಿ ಹಾಕಿದ್ರೆ ನಮ್ಮೂರ್ನಾಗೆ ಪಾಪ."

ಯಾನಪ್ಪ ನಿಧಾನವಾಗಿ ಕೇಳಿದರು. ಆ ಹಸುಗಳು ಯಾರವು?

ಎಲಿನಾ ಬೆನ್ನು ನೆಟ್ಟಗೆ ಮಾಡಿ ಹೇಳಿದಳು. "ಯಾರ್ದು ಅಂತ ಅವುಕ್ಕೇ ಗೊತ್ತು. ಹೋಯ್ತಾ ಅವಲ್ಲ, ನೋಡಿ."

ಅದೇ ಹೊತ್ತಿಗೆ ಗುಡ್ಡದ ದಾರಿಯಿಂದ ಒಬ್ಬ ಮುದುಕ ತನ್ನ ಹಸುವಿನ ಕಿವಿ ಹಿಡಿದುಕೊಂಡು ಬೈಯುತ್ತಾ ಬಂದ. "ಸಂಜೆಗಂಟ ಕಟ್ಕೊಂಡಿರಿ ಅಂತ ಕೊಟ್ರೆ ನನ್ ಜೋಳದೊಳಕ್ಕೇ ಬುಟ್ರಲ್ಲಾ! ಇನ್ಮ್ಯಾಲೆ ಏನೂ ಕೊಡಲ್ಲ. ಎದ್ದೇಳಿ, ನನ್ ಸೋಪಾ ಕೊಟ್ಬುಡಿ!" ಸೋಫಾದಿಂದ ಆಗಲೇ ಎದ್ದು ನಿಂತಿದ್ದ ಯಾನಪ್ಪ ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಊರೆಲ್ಲ ತಲೆ ತಗ್ಗಿಸಿತು. ಇಷ್ಟು ವರ್ಷ ನಾನು ಬಡಾಯಿ ಕೊಚ್ಚಿಕೊಂಡು ಬದುಕಿದ್ದು ಇಂಥ ಹೊತ್ತಿಗೇ ಇರಬೇಕು. ಚಿಕ್ಕಣ್ಣನ ಹೆಗಲ ಮೇಲೆ ಕೈ ಹಾಕಿ, "ನಾನೇಳಿದ್ದ ಒಂದಕ್ಷರ ಬಿಡ್ದೆ ಹೇಳು" ಎಂದೆ.

"ಸಾಹೇಬ್ರೇ, ನನ್ನ ಮದ್ವೆ ಮಾತುಕತೇಗೆ ಹೆಣ್ಣಿನೋರು ನಮ್ಮನೆ ನೋಡಾಕೆ ಬಂದಾಗ ನಮ್ಮ ಕೊಟ್ಟಿಗೆ ಖಾಲಿ. ಪಕ್ಕದ್ಮನೆ ಮುನಿಯಪ್ಪನ ಜೋಡಿ ಎತ್ತು ತಂದು ಕಟ್ಟಿದ್ದೆ. ನಮ್ಮಾವ ಎತ್ತಿನ್ ಬಾಯಿ ಬಿಡ್ಸಿ ಹಲ್ಲು ನೋಡ್ದ. 'ಎಲ್ಲಿ ತಂದಿದ್ದು?' ಅಂದ. 'ನಮ್ಮನೇಲೇ ಹುಟ್ಟಿದ್ದು' ಅಂದೆ. ಮುನಿಯಪ್ಪ ಬಡ್ಡೀಮಗ ಬೇಲಿ ಹಿಂದೆ ಕುಂತು ಒಂದು ಶಿಳ್ಳೆ ಹೊಡ್ದ. ಎರಡೂ ಎತ್ತು ಗೂಟ ಕಿತ್ಕೊಂಡು ಅವನ ಮನೇಗೋದ್ವು!"

ಚಿಕ್ಕಣ್ಣ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಶಿಳ್ಳೆಯನ್ನೂ ಬಿಡದೆ ಹೊಡೆದ. ಮೊದಲು ನಕ್ಕವಳು ಬಾಗಿಲಲ್ಲಿ ಕೂತಿದ್ದ ಎಲಿನಾಳ ತಂಗಿ. ಆಮೇಲೆ ಇಡೀ ಊರು. ಸೋಫಾದ ಮುದುಕ ಸೋಫಾದ ಮೇಲೇ ಕೂತು ನಕ್ಕ.

"ಹೆಣ್ಣು ಕೊಟ್ರಾ?" ಎಂದರು ಯಾನಪ್ಪ.

"ಕೊಟ್ರು. ಇಂಥಾ ಎತ್ಗಳ್ನ ನಂಬಿ ಕೊಡೋ ನೆರೆಯೋರು ಇದ್ರೆ ನನ್ ಮಗ್ಳು ಉಪಾಸ ಬೀಳಲ್ಲ ಅಂದ ನಮ್ಮಾವ."

ಯಾನಪ್ಪ ತಮ್ಮ ಅಜ್ಜಿಯ ಮಾತು ತೆಗೆದರು. ಯುದ್ಧ ಮುಗಿದ ಕಾಲದಲ್ಲಿ ಅವರ ಊರಿಗೂ ಹೊರಗಿನಿಂದ ನೆರವು ಬರುತ್ತಿತ್ತಂತೆ. ಕೊಡುವವರು ಬರುವ ದಿನ ಅಜ್ಜಿ ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಪರದೆಯನ್ನು ಬೀದಿ ಕಿಟಕಿಗೆ ಹಾಕುತ್ತಿದ್ದಳಂತೆ. "ನಾನು ಹೋದಲ್ಲೆಲ್ಲ ದನ ಬಚ್ಚಿಡ್ತಾರೆ. ದನ ತಂದು ಕಟ್ಟಿದ ಊರನ್ನ ಇವತ್ತೇ ನೋಡಿದ್ದು" ಎಂದರು. ಮತ್ತೆ ಸೋಫಾದ ಮುದುಕನ ಕಡೆ ತಿರುಗಿ, ನೀವು ಹಿಟ್ಟು ಎಲ್ಲಿ ಮಾಡಿಸುತ್ತೀರಿ ಎಂದು ಕೇಳಿದರು.

"ಎಲ್ಲಿ? ಅದೇ ಹೊಳೆಯಾಚೆ. ನನ್ ಸೊಸೆ ಹೊತ್ಕೊಂಡೋಯ್ತಾಳೆ."

ಹಸು ಕೊಟ್ಟ ಊರು, ಸೈಕಲ್ಲು ಕೊಟ್ಟ ಊರು, ಎಲ್ಲಕ್ಕೂ ಅದೇ ಹೊಳೆ. ಯಾನಪ್ಪ ಟೋಪಿ ಹಾಕಿಕೊಂಡರು. "ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ. ಎಲ್ಲ ಊರೂ ನೋಡ್ತೀನಿ. ಏನೂ ತಂದಿಡಬೇಡಿ. ಒಂದು ಕುರ್ಚಿ ಇದ್ರೆ ಸಾಕು."

"ಕುರ್ಚಿನೂ ನಮ್ದಲ್ಲ" ಎಂದಳು ಎಲಿನಾ. "ಚಾಪೆ ಐತೆ. ಅದು ನಮ್ದೇ, ನಾನೇ ನೇಯ್ದಿದ್ದು."

ಮಾರನೆಯ ದಿನ ಆ ಉದ್ದ ಮನುಷ್ಯ ಕಾಲು ಮಡಚಲು ಪಟ್ಟ ಪಾಡು ನೋಡಿ ಊರು ಮತ್ತೊಮ್ಮೆ ನಕ್ಕಿತು. ಆದರೆ ಕೂತರು. ಎದ್ದು ಹೋಗಿ ಎಲಿನಾಳ ಜೊತೆ ಹೊಳೆಯವರೆಗೂ ನಡೆದರು. ನೀರು ಏರಿತ್ತು. ದಡದಲ್ಲಿ ಮೂಟೆ ಇಳಿಸಿಕೊಂಡು ಕಾಯುತ್ತಿದ್ದ ಹೆಂಗಸರನ್ನು ನೋಡಿಕೊಂಡು ಬಹಳ ಹೊತ್ತು ನಿಂತಿದ್ದರು.

ಮತ್ತೆ ಬೇರಿಕೆ

ಆ ವರ್ಷದ ನಮ್ಮ ರಾಗಿ ಒಕ್ಕಣೆ ಹೊತ್ತಿಗೆ ಚಿಕ್ಕಣ್ಣ ಫೋನಿಗೆ ವಿಡಿಯೋ ಕಳಿಸಿದ. ಕಸಾಂಬಾದಲ್ಲಿ ಮಿಲ್ಲು ಓಡುತ್ತಿದೆ. ಎಲಿನಾಳ ಹುಬ್ಬು, ಮೂಗು ಎಲ್ಲ ಹಿಟ್ಟೋ ಹಿಟ್ಟು. ಮೊದಲು ಬಿದ್ದದ್ದು ನಾಟಿ ಹಾಕಿದ ರಾಗಿಯಂತೆ, ನನ್ನ ರಾಗಿ. ಸಾಲಿನಲ್ಲಿ ಸೋಫಾದ ಮುದುಕನ ಸೊಸೆಯೂ ಇದ್ದಾಳೆ. ತಂಗಿಯನ್ನು ಚಾಪೆ ಸಮೇತ ಹೊತ್ತುತಂದು ಮಿಲ್ಲಿನ ಬಾಗಿಲಲ್ಲಿ ಕೂರಿಸಿದ್ದಾರೆ, ಅವಳು ಎಲ್ಲರಿಗೂ ಸರದಿ ಹೇಳುತ್ತಿದ್ದಾಳೆ. ಟೀ ಅಂಗಡಿಯಲ್ಲಿ ಆ ವಿಡಿಯೋ ಎಲ್ಲರಿಗೂ ತೋರಿಸಿದೆ. ಮುನಿಯಪ್ಪ ಎರಡು ಸಲ ನೋಡಿದ. ಬೈಯಲಿಲ್ಲ. ಟೀ ಕಾಸು ಅವನೇ ಕೊಟ್ಟ. ಇದನ್ನೂ ನೀವು ನಂಬುವುದಿಲ್ಲ, ಗೊತ್ತು.

ಕಸಾಂಬಾದಲ್ಲಿ ಈಗಲೂ ನನ್ನ ಹೆಸರು 'ಹಸು ಬಿಚ್ಚಿದ ಬಾಂಬೋ'. ಊರಿನ ಮರ್ಯಾದೆ ತೆಗೆದವನೆಂದು ಆ ಹಿರಿಯ ನಾನು ಹೊರಡುವವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇರಲಿ, ಹೊರದೇಶದ ಮುದುಕನ ಮೇಲೆ ಎಷ್ಟು ಸಿಟ್ಟಾದರೂ ನಡೆಯುತ್ತದೆ. ಅವನು ಏರೋಪ್ಲೇನ್ ಹತ್ತಿ ಹೋಗುತ್ತಾನೆ. ಊರಲ್ಲೇ ಬಾಳಬೇಕಾದವರ ಮೇಲೆ ಆಗಬಾರದು.

ಇಷ್ಟು ಹೊತ್ತು ಹೇಳಿದ್ದರಲ್ಲಿ ಆನೆ ನಿಜ, ದೋಸೆ ನಿಜ, ಮೋರಿ ನಿಜ, ಸೋಫಾ ನಿಜ. ನಾನು ಕಟ್ಟಿ ಹೇಳಿದ್ದು ಒಂದೇ. ಎಲಿನಾಗೆ ಕನ್ನಡ ಬಾರದು, ಚಿಕ್ಕಣ್ಣನಿಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ನಿಜ ಬರೆಯುತ್ತಿದ್ದೇನೆ. ಬಿಚ್ಚಬೇಕೆಂದೇ ಮನೆಯ ಹಿಂದಿನಿಂದ ಹೋದೆ, ಅದು ಸುಳ್ಳಲ್ಲ. ನಾನು ಹೋಗುವಷ್ಟರಲ್ಲಿ ಎಲಿನಾ ಗೂಟದ ಹತ್ತಿರ ಬಗ್ಗಿದ್ದಳು. ಕೊನೆಯ ಗಂಟು ಬಿಚ್ಚುತ್ತಿದ್ದಳು, ಹೊಸ ತಲೆವಸ್ತ್ರದ ತುದಿ ಸಗಣಿಗೆ ತಾಗಿತ್ತು. ನನ್ನನ್ನು ಕಂಡು ನೆಟ್ಟಗಾದಳು. ನಮ್ಮಿಬ್ಬರ ನಡುವೆ ಭಾಷೆ ಹೇಳಲು ಚಿಕ್ಕಣ್ಣ ಇರಲಿಲ್ಲ. ನಾನು ಕೈ ಚಾಚಿದೆ. ಅವಳು ಹಗ್ಗವನ್ನು ನನ್ನ ಕೈಗೆ ಕೊಟ್ಟಳು.